ಬೆಂಗಳೂರಿನಲ್ಲಿ ಕೂತು ನಿಟ್ಟೂರಿನ ಬ್ಯಾಟರಿ ಚಾಲೂ ಮಾಡಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯ ಒಂಟಿ ಮನೆ. ಪಕ್ಕದಲ್ಲೇ ಎರಡು ಕೋಣೆಯ ಹೋಂಸ್ಟೇ ಇದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯಿತೆಂದರೆ ಎರಡು ಮೂರು ದಿನ ಕರೆಂಟಿನ ಸುದ್ದಿಯೇ ಇರುವುದಿಲ್ಲ. ಹಳೆಯ ಟ್ಯೂಬುಲರ್ ಬ್ಯಾಟರಿಗಳನ್ನು ತೆಗೆದು 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್ 100 ಆಂಪ್-ಅವರ್‌ನ ಎರಡು ಲಿಥಿಯಂ ಬ್ಯಾಟರಿ, 4 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ತರಿಸಿದ್ದೇವೆ. ಮಾರಿದವರು ಬೆಂಗಳೂರಿನವರು. "ನಿಮ್ಮೂರ ಎಲೆಕ್ಟ್ರಿಷಿಯನ್ ವೈರಿಂಗ್ ಮಾಡಲಿ, ನಾವು ಇಲ್ಲಿಂದಲೇ ನೆಟ್ ಮೂಲಕ ಸೆಟ್ಟಿಂಗ್ ತುಂಬಿಸಿ ಚಾಲೂ ಮಾಡಿಕೊಡುತ್ತೇವೆ (ರಿಮೋಟ್ ಕಮಿಷನಿಂಗ್), ಹದಿನೈದು ನಿಮಿಷದ ಕೆಲಸ" ಅನ್ನುತ್ತಾರೆ. ಇಂಜಿನಿಯರ್ ಬರಬೇಕಾದರೆ ಬೇರೆ ಹಣ ಕೊಡಬೇಕಂತೆ. ಇದನ್ನು ನಂಬಬಹುದೇ? ನಮ್ಮಲ್ಲಿ ನೆಟ್ ಬಂದರೆ ಬಂತು. ತೋಟದ ಪಂಪನ್ನೂ ಇದರಲ್ಲೇ ಓಡಿಸಬಹುದೇ?

ಉತ್ತರ: ಮಾಡಿಸಬಹುದು. ಆದರೆ ಅವರು ಲಾಗಿನ್ ಆಗುವ ಮೊದಲು ನಿಮ್ಮ ಮನೆಯಲ್ಲಿ ಮುಗಿಯಬೇಕಾದ ಕೆಲಸವೇ ದೊಡ್ಡದು. ಅದರ ಬಹುಪಾಲು ಅವರ ಪರದೆಯಲ್ಲಿ ಕಾಣುವುದೇ ಇಲ್ಲ. ಹದಿನೈದು ನಿಮಿಷ ಅನ್ನುವುದು ಸುಳ್ಳಲ್ಲ, ಸೆಟ್ಟಿಂಗ್ ತುಂಬಿಸಲು ಅಷ್ಟೇ ಸಾಕು. ಪರೀಕ್ಷೆಗೆ ಮಾತ್ರ ಒಂದು ಇಡೀ ದಿನ ಎತ್ತಿಡಿ.

ರಿಮೋಟ್ ಸೆಟಪ್ ಎಂದರೆ ಅಗ್ಗದ ಸೇವೆ ಎಂದು ಮೂಗು ಮುರಿಯುವವರ ಮಾತು ನಾನು ಒಪ್ಪುವುದಿಲ್ಲ. ಕೋವಿಡ್ ಕಾಲದಲ್ಲಿ ಇಂಜಿನಿಯರುಗಳು ಓಡಾಡಲಾಗದೆ ದೊಡ್ಡ ದೊಡ್ಡ ಸ್ಥಾವರಗಳ ಪರೀಕ್ಷೆಗಳೇ ವಿಡಿಯೋ ಮೂಲಕ ನಡೆದವು. ಆ ಪದ್ಧತಿ ಈಗಲೂ ಉಳಿದಿದೆ. ಕಂಪನಿಯ ಒಳ್ಳೆಯ ಇಂಜಿನಿಯರ್ ಅದೇ ಮಾದರಿಯ ಬ್ಯಾಟರಿಯನ್ನು ದಿನವೂ ನೋಡುತ್ತಿರುತ್ತಾನೆ. ಯಾವ ಇನ್ವರ್ಟರಿಗೆ ಯಾವ ಪ್ರೊಟೊಕಾಲ್ (ಯಂತ್ರಗಳು ಮಾತಾಡಿಕೊಳ್ಳುವ ಭಾಷೆ) ಹೊಂದುತ್ತದೆ, ಯಾವ ಫರ್ಮ್‌ವೇರ್‌ನಲ್ಲಿ (ಯಂತ್ರದೊಳಗಿನ ತಂತ್ರಾಂಶ) ತಕರಾರಿದೆ ಎಂಬುದು ಅವನಿಗೆ ಬಾಯಿಪಾಠ. ಶಿವಮೊಗ್ಗದಿಂದ ಬೈಕ್ ಹತ್ತಿ ಬರುವ, ಲಿಥಿಯಂ ಬ್ಯಾಟರಿಯನ್ನು ಮೊದಲ ಸಲ ಮುಟ್ಟುತ್ತಿರುವ ಹುಡುಗನಿಗಿಂತ ಆ ಭಾಗವನ್ನು ದೂರದವನೇ ಚೆನ್ನಾಗಿ ಮಾಡುತ್ತಾನೆ. ಆದರೆ ಬೋಲ್ಟ್ ಬಿಗಿದಿದೆಯೇ, ಅರ್ಥಿಂಗ್ ಸರಿಯಿದೆಯೇ, ಗೋಡೆಯಲ್ಲಿ ಒರತೆ ಇದೆಯೇ ಎಂಬುದನ್ನು ಅವನು ಅಲ್ಲಿಂದ ನೋಡಲಾರ.

ಬೋಲ್ಟಿನಿಂದಲೇ ಶುರು ಮಾಡೋಣ. 5 ಕಿಲೋವ್ಯಾಟ್ ಲೋಡನ್ನು 48 ವೋಲ್ಟ್ ಆಸುಪಾಸಿನ ಬ್ಯಾಟರಿಯಿಂದ ಎಳೆದರೆ ಕೇಬಲ್ಲಿನಲ್ಲಿ ಸುಮಾರು 110 ಆಂಪ್ ಹರಿಯುತ್ತದೆ. ಎಲ್ಲೋ ಒಂದು ಲಗ್, ಅಂದರೆ ಕೇಬಲ್ಲಿನ ತುದಿಯ ಲೋಹದ ಕಿವಿ, ಸರಿಯಾಗಿ ಒತ್ತಿ ಕೂರದೆ, ಅಥವಾ ನಟ್ ಅರೆಬಿಗಿಯಾಗಿ, ಆ ಜಾಗದಲ್ಲಿ ಬರೀ 5 ಮಿಲಿ ಓಮ್ ಹೆಚ್ಚುವರಿ ರೋಧ ಉಂಟಾಯಿತು ಅಂದುಕೊಳ್ಳಿ. ಆ ಒಂದು ಬಿಂದುವಿನಲ್ಲಿ 60 ವ್ಯಾಟ್ ಶಾಖ ಹುಟ್ಟುತ್ತದೆ. ಮನೆಯವರೆಲ್ಲ ಮಲಗಿರುವಾಗ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಸೋಲ್ಡರಿಂಗ್ ಐರನ್ ಉರಿಸಿಟ್ಟ ಹಾಗೆ. ಬಿಎಂಎಸ್‌ಗೆ, ಅಂದರೆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟಿಗೆ, ತನ್ನ ಸೆಲ್ಲುಗಳ ಬಿಸಿ ಗೊತ್ತಾಗುತ್ತದೆ, ಹೊರಗಿನ ಲಗ್ಗಿನ ಬಿಸಿ ಗೊತ್ತಾಗುವುದಿಲ್ಲ. ಆಪ್‌ನಲ್ಲಿ ಎಲ್ಲವೂ ಹಸಿರಾಗಿಯೇ ಇರುತ್ತದೆ.

ಹಾಗಾಗಿ ಟಾರ್ಕ್ ಸ್ಪ್ಯಾನರ್, ಅಂದರೆ ಎಷ್ಟು ಬಿಗಿದೆವೆಂದು ತೋರಿಸುವ ಸ್ಪ್ಯಾನರ್, ಕಡ್ಡಾಯ. ಎಷ್ಟು ಬಿಗಿಯಬೇಕೆಂಬ ಅಂಕಿ ಬ್ಯಾಟರಿಯ ಕೈಪಿಡಿಯಲ್ಲೇ ಇರುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಇಲ್ಲದಿದ್ದರೆ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ. ಬಿಗಿದ ಪ್ರತಿ ಬೋಲ್ಟಿಗೂ ಪೇಂಟ್ ಮಾರ್ಕರಿನಲ್ಲಿ ಗೀಟು ಎಳೆಸಿ ಫೋಟೋ ತೆಗೆಯಿರಿ. ಮುಂದೆ ಸಡಿಲಾದರೆ ಗೀಟು ಜರುಗಿರುವುದು ಕಣ್ಣಿಗೇ ಕಾಣುತ್ತದೆ. ಆ ಹೊತ್ತಿನಲ್ಲಿ ಕೈಯ ಉಂಗುರ, ಕಡಗ, ಲೋಹದ ವಾಚು ಎಲ್ಲ ತೆಗೆದಿಡಲು ಹೇಳಿ. 51 ವೋಲ್ಟ್ ಶಾಕ್ ದೊಡ್ಡದಲ್ಲ. ಆದರೆ ಸ್ಪ್ಯಾನರ್ ಎರಡೂ ಟರ್ಮಿನಲ್ಲಿಗೆ ತಗುಲಿದರೆ ಕ್ಷಣಾರ್ಧದಲ್ಲಿ ಸಾವಿರಾರು ಆಂಪ್ ಹರಿದು ಲೋಹ ಕರಗಿ ಸಿಡಿಯುತ್ತದೆ.

ದೂರದ ಇಂಜಿನಿಯರ್ ಈ ವಿಷಯದಲ್ಲೂ ಒಂದು ಸಹಾಯ ಮಾಡಬಲ್ಲ, ಕೇಳಿದರೆ ಮಾತ್ರ. ಬ್ಯಾಟರಿಯ ವೋಲ್ಟೇಜನ್ನು ಬಿಎಂಎಸ್ ಬೇರೆಯಾಗಿ, ಇನ್ವರ್ಟರ್ ಬೇರೆಯಾಗಿ ಅಳೆಯುತ್ತವೆ. ಲೋಡ್ ಇಲ್ಲದಾಗ ಎರಡರ ವ್ಯತ್ಯಾಸ ಬರೆದಿಟ್ಟುಕೊಳ್ಳಲಿ. ಆಮೇಲೆ 3 ಕಿಲೋವ್ಯಾಟ್ ದಾಟುವಷ್ಟು ಲೋಡ್ ಹಾಕಿ ಮತ್ತೆ ನೋಡಲಿ. ಕೇಬಲ್ ದಪ್ಪವಾಗಿ, ಗಿಡ್ಡವಾಗಿ, ಜಾಯಿಂಟ್ ಚೆನ್ನಾಗಿದ್ದರೆ ವ್ಯತ್ಯಾಸ 0.1, 0.2 ವೋಲ್ಟ್ ಹೆಚ್ಚಬಹುದು. ಅರ್ಧ ವೋಲ್ಟ್ ಹೆಚ್ಚಿದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ ಎಂದೇ ಲೆಕ್ಕ, ಆಫ್ ಮಾಡಿ ಹುಡುಕಬೇಕು. ಇದನ್ನು ತಾನಾಗಿಯೇ ಮಾಡುವ ಇಂಜಿನಿಯರ್ ಸಿಕ್ಕರೆ ಆ ಕಂಪನಿಯನ್ನು ಬಿಡಬೇಡಿ.

ಎರಡು ಬ್ಯಾಟರಿ ಇರುವುದರಿಂದ ಇನ್ನೊಂದು ಮಾತು. ಅವನ್ನು ಪ್ಯಾರಲಲ್, ಅಂದರೆ ಪ್ಲಸ್ಸಿಗೆ ಪ್ಲಸ್ ಮೈನಸ್ಸಿಗೆ ಮೈನಸ್, ಜೋಡಿಸುವ ಮೊದಲು ಎರಡರ ವೋಲ್ಟೇಜನ್ನೂ ಮಲ್ಟಿಮೀಟರಿನಲ್ಲಿ ಅಳೆಯಲೇಬೇಕು. ಒಂದು ತುಂಬಿದ್ದು ಇನ್ನೊಂದು ಬರಿದಾಗಿದ್ದರೆ ಜೋಡಿಸಿದ ಗಳಿಗೆಯಲ್ಲೇ ಒಂದರಿಂದ ಇನ್ನೊಂದಕ್ಕೆ ಭಾರಿ ಕರೆಂಟ್ ನುಗ್ಗುತ್ತದೆ. ವ್ಯತ್ಯಾಸ ಕಂಡರೆ, ಬೆಂಗಳೂರಿನವರು ನೋಡುತ್ತಿರುವಾಗಲೇ ಒಂದೊಂದನ್ನೇ ಪೂರ್ತಿ ಚಾರ್ಜ್ ಮಾಡಿ ಆಮೇಲೆ ಸೇರಿಸುವುದು ಒಳ್ಳೆಯದು. ಎರಡಕ್ಕೂ ಒಂದೇ ಉದ್ದದ ಕೇಬಲ್ ಇರಲಿ. ಇನ್ವರ್ಟರಿಗೆ ಹೋಗುವ ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ಹೊರಡಲಿ, ಆಗ ಎರಡೂ ಸಮನಾಗಿ ದುಡಿಯುತ್ತವೆ. ಬ್ಯಾಟರಿಯ ಮುಂಭಾಗದಲ್ಲಿ ಸಣ್ಣ ಡಿಪ್ ಸ್ವಿಚ್‌ಗಳಿರುತ್ತವೆ. ಅವು ಬ್ಯಾಟರಿಗಳಿಗೆ ಕ್ರಮಸಂಖ್ಯೆ ಕೊಡುತ್ತವೆ. ಎರಡಕ್ಕೂ ಒಂದೇ ನಂಬರ್ ಕೊಟ್ಟರೆ ಇನ್ವರ್ಟರ್ ಒಂದನ್ನು ಮಾತ್ರ ಗುರುತಿಸುತ್ತದೆ, ಅಥವಾ ಎರಡನ್ನೂ ಗುರುತಿಸುವುದಿಲ್ಲ. ‘ಬ್ಯಾಟರಿ ಕಮ್ಯುನಿಕೇಷನ್ ಫೇಲ್’ ಎಂದು ಬಂದಾಗ ಮೊದಲು ನೋಡಬೇಕಾದದ್ದು ಈ ಸ್ವಿಚ್ಚನ್ನು, ಆಮೇಲೆ ಕೇಬಲ್ಲನ್ನು. ನೋಡಲು ಇಂಟರ್ನೆಟ್ ಕೇಬಲ್ಲಿನಂತೆಯೇ ಇದ್ದರೂ ಯಾವ ಪಿನ್‌ನಲ್ಲಿ ಯಾವ ಸಿಗ್ನಲ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪೇಟೆಯಲ್ಲಿ ಸಿಗುವ ಲ್ಯಾನ್ ಕೇಬಲ್ ಸಿಕ್ಕಿಸಿ ಗಂಟೆಗಟ್ಟಲೆ ಪೇಚಾಡಬೇಡಿ, ಬ್ಯಾಟರಿಯ ಜೊತೆ ಬಂದ ಕೇಬಲ್ಲನ್ನೇ ಹಾಕಿ.

ಈ ಸಂಪರ್ಕ ಅಷ್ಟು ಮುಖ್ಯವೇ ಎಂದು ಕೇಳಬಹುದು. ನಿಮ್ಮದು ಲಿಥಿಯಂ ಐರನ್ ಫಾಸ್ಫೇಟ್, 3.2 ವೋಲ್ಟಿನ 16 ಸೆಲ್ ಸೇರಿ 51.2. ಈ ಜಾತಿಯ ಸೆಲ್ಲುಗಳ ಒಂದು ಗುಣವೆಂದರೆ ಚಾರ್ಜ್ ಶೇ. 20ರಿಂದ 90ಕ್ಕೆ ಏರುವಷ್ಟರಲ್ಲಿ ಇಡೀ ಬ್ಯಾಟರಿಯ ವೋಲ್ಟೇಜ್ ಎರಡು ವೋಲ್ಟಿನಷ್ಟೂ ಬದಲಾಗುವುದಿಲ್ಲ. ಟ್ಯೂಬುಲರ್ ಬ್ಯಾಟರಿಯ ರೂಢಿಯಲ್ಲಿ ವೋಲ್ಟೇಜ್ ನೋಡಿ ಇಷ್ಟು ಉಳಿದಿದೆ ಎಂದು ಹೇಳಹೊರಟರೆ ಲೆಕ್ಕ ತಪ್ಪುತ್ತದೆ. ಬಿಎಂಎಸ್ ಒಳಹೋದ ಹೊರಬಂದ ಕರೆಂಟನ್ನೆಲ್ಲ ಎಣಿಸಿ ಲೆಕ್ಕ ಇಡುತ್ತದೆ, ಅದರ ಮಾತನ್ನು ಇನ್ವರ್ಟರ್ ಕೇಳಬೇಕು. ಆ ಎಣಿಕೆ ಕೂಡ ಮೊದಲ ಪೂರ್ತಿ ಚಾರ್ಜ್ ಆಗುವ ತನಕ ನಂಬಿಕೆಗೆ ಅರ್ಹವಲ್ಲ. ಚಾಲೂ ಮಾಡಿದ ದಿನ ಪರದೆಯಲ್ಲಿ ಕಾಣುವ ಶೇ. 50, 60ನ್ನು ನಂಬಿ ಅತಿಥಿಗಳಿಗೆ ಮಾತು ಕೊಡಬೇಡಿ. ಹಳೆಯ ಟ್ಯೂಬುಲರ್‌ಗೆ ಬೇಕಿದ್ದ ಈಕ್ವಲೈಸೇಷನ್ ಚಾರ್ಜ್ (ಆಗಾಗ ಹೆಚ್ಚು ವೋಲ್ಟೇಜಿನಲ್ಲಿ ಕೊಡುವ ಚಾರ್ಜ್) ಇಲ್ಲಿ ಆಫ್ ಇರಲೇಬೇಕು. ಇದು ಬೆಂಗಳೂರಿನವರ ಕೆಲಸ, ಮಾಡಿದ್ದಾರೆಯೇ ಎಂದು ಕೇಳುವುದು ನಿಮ್ಮ ಕೆಲಸ.

ಈಗ ಒರತೆಯ ವಿಷಯ. ದಕ್ಷಿಣ ಕೊರಿಯಾದಲ್ಲಿ 2017ರಿಂದ 2019ರ ನಡುವೆ ದೊಡ್ಡ ಬ್ಯಾಟರಿ ಘಟಕಗಳಲ್ಲಿ 23 ಬೆಂಕಿ ಅನಾಹುತಗಳಾದವು. ಸರ್ಕಾರ ತನಿಖೆ ಮಾಡಿಸಿ 2019ರ ಜೂನ್‌ನಲ್ಲಿ ಕಾರಣ ಹೇಳಿತು. ಬ್ಯಾಟರಿಯನ್ನು ವಿದ್ಯುತ್ ಆಘಾತದಿಂದ ಕಾಪಾಡುವ ವ್ಯವಸ್ಥೆಯ ಕೊರತೆ, ಜೋಡಣೆಯಲ್ಲಿ ಅಜಾಗರೂಕತೆ, ನಿಯಂತ್ರಣ ವ್ಯವಸ್ಥೆಗಳ ನಡುವೆ ಹೊಂದಾಣಿಕೆ ಇಲ್ಲದಿರುವುದು, ಇವುಗಳ ಜೊತೆಗೆ ಸುತ್ತಲಿನ ವಾತಾವರಣವನ್ನು ಸರಿಯಾಗಿ ಇಟ್ಟುಕೊಳ್ಳದಿರುವುದು. ಗುಡ್ಡಗಾಡಿನಲ್ಲಿ, ಕಡಲ ತೀರದಲ್ಲಿ ಇದ್ದ ಘಟಕಗಳಲ್ಲಿ ಹಗಲು ರಾತ್ರಿಯ ತಾಪದ ವ್ಯತ್ಯಾಸಕ್ಕೆ ಒಳಗೆ ನೀರು ಹನಿಗಟ್ಟಿ, ಅದಕ್ಕೆ ಧೂಳು ಸೇರಿ, ನಿರೋಧನ ಹಾಳಾಗಿತ್ತು. ಅಲ್ಲಿನ ಬ್ಯಾಟರಿಗಳು ಬಹುಪಾಲು ಬೇರೆ ರಸಾಯನದವು. ನಿಮ್ಮ ಫಾಸ್ಫೇಟ್ ಸೆಲ್ಲುಗಳು ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಆದರೆ ಹನಿಗಟ್ಟುವುದಕ್ಕೆ ರಸಾಯನದ ಭೇದವಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯಷ್ಟು ಅಲ್ಲದಿದ್ದರೂ ಕೊಡಚಾದ್ರಿಯ ಬುಡದ ನಿಮ್ಮೂರಿನಲ್ಲಿ ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಪಂಚೆಗೂ ಬೂಷ್ಟು ಬರುತ್ತದೆ.

ಮನೆಗೆ ಮಾರುವ ರ‍್ಯಾಕ್ ಮಾದರಿಯ ಬ್ಯಾಟರಿಗಳು ಹೆಚ್ಚಾಗಿ ಐಪಿ20 ದರ್ಜೆಯವು, ಅಂದರೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಬಚ್ಚಲಿಗೆ ತಾಗಿದ ಗೋಡೆ ಬೇಡ, ಇರಚಲು ಹೊಡೆಯುವ ಜಗಲಿ ಬೇಡ, ಅಡಿಕೆ ಬೇಯಿಸುವ ಮನೆ ಬೇಡ. ಬೇಸಿಗೆಯಲ್ಲಿ ಕಾಯುವ ಹಂಚಿನಡಿಯ ಅಟ್ಟವೂ ಬೇಡ. ಒಳಗೋಡೆಗೆ, ನೆಲದಿಂದ ಒಂದಡಿ ಎತ್ತರದಲ್ಲಿ, ಸಿಮೆಂಟ್ ಗೋಡೆಗೇ ಕೂರಿಸಿ, ಮರದ ಹಲಗೆಯ ಮೇಲೆ ಬೇಡ. ಮಲಗುವ ಕೋಣೆಯಲ್ಲಿ ಇಡಬೇಡಿ. ಕೇಬಲ್‌ಗಳು ಕೆಳಗಿನಿಂದ ಒಳಹೋಗಲಿ, ಹೋಗುವ ಮೊದಲು ಒಂದು ಬಾಗು ಕೊಟ್ಟರೆ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೂತುಗಳನ್ನೆಲ್ಲ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಬಿರಡೆ) ಹಾಕಿ ಮುಚ್ಚಿಸಿ. ಮಲೆನಾಡಿನಲ್ಲಿ ಇನ್ವರ್ಟರ್ ಬೋರ್ಡುಗಳನ್ನು ಸುಡುವುದರಲ್ಲಿ ಸಿಡಿಲಿನ ನಂತರದ ಸ್ಥಾನ ಹಲ್ಲಿ ಮತ್ತು ಇರುವೆಗೆ ಎಂಬುದು ನನ್ನ ಅನುಭವ.

ಸಿಡಿಲಿನ ಮಾತು ಬಂತಲ್ಲ. ಮಳೆ ಹಿಡಿದ ಮೇಲೆ ಗುಡುಗು ಕಡಿಮೆ. ಏಪ್ರಿಲ್, ಮೇ ತಿಂಗಳು ಮತ್ತು ಮಳೆ ಹಿಂದಾಗುವ ಅಕ್ಟೋಬರ್ ನಮ್ಮಲ್ಲಿ ಅಪಾಯದ ಕಾಲ. ಪ್ಯಾನೆಲ್ ಬದಿಗೊಂದು, ಮೆಸ್ಕಾಂ ಲೈನಿನ ಬದಿಗೊಂದು ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಬೇಕು. ಅವುಗಳಿಗೆ ಒಳ್ಳೆಯ ಅರ್ಥಿಂಗ್ ಇಲ್ಲದಿದ್ದರೆ ಅವು ಬರೀ ಅಲಂಕಾರ. ಜಂಬಿಟ್ಟಿಗೆ ನೆಲ ಒಣಗಿದಾಗ ಕರೆಂಟನ್ನು ಸುಲಭವಾಗಿ ಒಳಬಿಡುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಅರ್ಥ್ ಟೆಸ್ಟರಿನಲ್ಲಿ ಅಳೆದು 3 ಓಮ್ ಬಂತೆಂದು ಬೀಗಬೇಡಿ, ಅದೇ ಅರ್ಥಿಂಗ್ ಗುಂಡಿಯನ್ನು ಮಾರ್ಚ್‌ನಲ್ಲಿ ಅಳೆಯಿರಿ. ಪ್ಯಾನೆಲ್ ಕಡೆಯ ಡಿಸಿ ಬಗ್ಗೆ ಒಂದೇ ಎಚ್ಚರಿಕೆ. 8 ಪ್ಯಾನೆಲ್ ಒಂದೇ ಸರಣಿಯಲ್ಲಿದ್ದರೆ 400 ವೋಲ್ಟಿನ ಹತ್ತಿರ ಇರುತ್ತದೆ, ಮೋಡವಿದ್ದರೂ ಇರುತ್ತದೆ. ಲೋಡ್ ಇರುವಾಗ ಆ ಕನೆಕ್ಟರ್ ಎಳೆದರೆ ಹುಟ್ಟುವ ಕಿಡಿ ಎಸಿಯ ಕಿಡಿಯಂತೆ ತಾನಾಗಿ ಆರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬೆಂಗಳೂರಿಗೆ ಫೋನ್ ಮಾಡಿ. ಅದಕ್ಕೂ ಒಂದು ಕ್ರಮವಿದೆ. ಬ್ಯಾಟರಿ ಬ್ರೇಕರ್, ಪ್ಯಾನೆಲ್ಲಿನ ಡಿಸಿ ಐಸೊಲೇಟರ್, ಮೈನ್ಸ್ ಮೂರೂ ಆಫ್ ಇರಲಿ. ಆನ್ ಮಾಡುವ ಕೈ ನಿಮ್ಮ ಎಲೆಕ್ಟ್ರಿಷಿಯನ್ನದೇ ಆಗಿರಲಿ. ಆ ತುದಿಯವನು ಹೇಳುತ್ತಾನೆ, ಇವನು ಮಾಡುತ್ತಾನೆ, ಮಾಡಿದ್ದನ್ನು ಬಾಯಲ್ಲಿ ತಿರುಗಿ ಹೇಳುತ್ತಾನೆ. ಯಾರೋ ಪ್ಯಾನೆಲ್ ಹತ್ತಿರ ಕೈ ಇಟ್ಟಿರುವಾಗ ದೂರದಿಂದ ಯಾರೋ ಸ್ಟಾರ್ಟ್ ಒತ್ತುವುದು ಯಾವ ಕಾರಣಕ್ಕೂ ಆಗಕೂಡದು.

ಸಂಪರ್ಕ ಮೊದಲು, ಚಾರ್ಜ್ ಆಮೇಲೆ ಎಂಬುದನ್ನು ಒಂದು ದೊಡ್ಡ ಅನಾಹುತ ಕಲಿಸಿದೆ. ಆಸ್ಟ್ರೇಲಿಯಾದ ಜೀಲಾಂಗ್ ಬಳಿಯ 300 ಮೆಗಾವ್ಯಾಟಿನ ವಿಕ್ಟೋರಿಯನ್ ಬಿಗ್ ಬ್ಯಾಟರಿಯಲ್ಲಿ 2021ರ ಜುಲೈ 30ರಂದು, ಇನ್ನೂ ಪರೀಕ್ಷೆ ನಡೆಯುತ್ತಿದ್ದಾಗ, ಬೆಂಕಿ ಬಿತ್ತು. ಒಂದು ಘಟಕದೊಳಗೆ ಕೂಲಂಟ್ ಸೋರಿ ಶಾರ್ಟ್ ಆಗಿತ್ತು. ಆ ಘಟಕವನ್ನು ಅಂದಿನ ಮಟ್ಟಿಗೆ ಕೀಲಿ ತಿರುಗಿಸಿ ಆಫ್ ಮಾಡಿಟ್ಟಿದ್ದರು. ಹೊಸ ಘಟಕ ದೂರದ ನಿಗಾ ವ್ಯವಸ್ಥೆಗೆ ಜೋಡಣೆಯಾಗಲು ಆಗ 24 ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಒಳಗೆ ಏನಾಗುತ್ತಿದೆ ಎಂಬ ಸೂಚನೆ ಯಾರಿಗೂ ತಲುಪಲಿಲ್ಲ. ಎರಡು ಘಟಕ ಸುಟ್ಟುಹೋದವು, ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಆಮೇಲೆ ಆ 24 ಗಂಟೆಯನ್ನು 1 ಗಂಟೆಗೆ ಇಳಿಸಿದರು. ನಿಮ್ಮ ಮನೆಯ ಅಳತೆಯಲ್ಲಿ ಇದರ ಅರ್ಥ ಇಷ್ಟೇ. ಡೇಟಾ ಲಾಗರ್ (ಇನ್ವರ್ಟರಿನ ಅಂಕಿಗಳನ್ನು ದೂರಕ್ಕೆ ಕಳುಹಿಸುವ ಸಾಧನ) ನೆಟ್ಟಿಗೆ ಸೇರಿ, ಚಾರ್ಜ್ ಮಾಡಲಿರುವ ಬ್ಯಾಟರಿಯ ಸೆಲ್ ವೋಲ್ಟೇಜ್ ಮತ್ತು ತಾಪ ಆ ತುದಿಯಲ್ಲಿ ಕಂಡ ಮೇಲೆಯೇ ಮೊದಲ ಚಾರ್ಜ್ ಶುರುವಾಗಬೇಕು. ಅದೂ ಬೆಳಿಗ್ಗೆ, ಮನೆಯಲ್ಲಿ ಜನ ಎಚ್ಚರವಿರುವಾಗ.

ಇನ್ನು ನಿಮ್ಮ ನೆಟ್ಟಿನ ಗೋಳು. ಲಾಗರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ಫೈಬರ್ ಇದ್ದರೆ ರೂಟರಿನಲ್ಲಿ 2.4 ಆನ್ ಇರಲಿ. ಇಲ್ಲದಿದ್ದರೆ ಸಿಗ್ನಲ್ ಸಿಗುವ ಫೋನಿನ ಹಾಟ್‌ಸ್ಪಾಟ್ ಸಾಕು, ವಿಡಿಯೋ ಕರೆಗೆ ಇನ್ನೊಂದು ಫೋನ್ ಇರಲಿ. ಬಹಳ ಜನ ಎಡವುವ ಜಾಗವೊಂದಿದೆ. ಕರೆಂಟ್ ಹೋದಾಗ ಹೇಗೆ ನಡೆಯುತ್ತದೆ ನೋಡೋಣ ಎಂದು ಮೈನ್ಸ್ ಆಫ್ ಮಾಡುತ್ತಾರೆ. ರೂಟರ್ ಇನ್ನೂ ಹಳೆಯ ಮೈನ್ಸ್ ಲೈನಿನಲ್ಲೇ ಇರುತ್ತದೆ. ಪರೀಕ್ಷೆಯ ಜೊತೆಗೆ ಬೆಂಗಳೂರೂ ಮಾಯ! ರೂಟರನ್ನೂ ಫೈಬರ್ ಡಬ್ಬವನ್ನೂ ಮೊದಲೇ ಇನ್ವರ್ಟರಿನಿಂದ ನಡೆಯುವ ಬ್ಯಾಕಪ್ ಲೈನಿಗೆ ತನ್ನಿ. ಫರ್ಮ್‌ವೇರ್ ಅಪ್‌ಡೇಟ್ ಬೇಕೆಂದರೆ ಗಾಳಿಮಳೆಯ ದಿನ ಒಪ್ಪಬೇಡಿ. ನಡುವೆ ಸಂಪರ್ಕ ಕಡಿದರೆ ಇನ್ವರ್ಟರ್ ಅರ್ಧಕ್ಕೆ ನಿಂತು, ಮೇಲೇಳಿಸಲು ಮನುಷ್ಯನೇ ಬರಬೇಕಾಗಬಹುದು. ಒಮ್ಮೆ ಚಾಲೂ ಆದ ಮೇಲೆ ಮಾತ್ರ ನೆಟ್ ಇಲ್ಲದಿದ್ದರೂ ಯಂತ್ರ ತನ್ನ ಪಾಡಿಗೆ ನಡೆಯಬೇಕು. ಸೆಟ್ಟಿಂಗ್ ಇರುವುದು ಇನ್ವರ್ಟರಿನೊಳಗೆ. ಲಾಗರ್ ಕಿತ್ತು ಒಂದು ರಾತ್ರಿ ನಡೆಸಿ ನೋಡಿ.

ಸೆಟ್ಟಿಂಗುಗಳಲ್ಲಿ ಬೆಂಗಳೂರಿನವರಿಗೆ ಹೊಳೆಯದ ಎರಡನ್ನು ನೀವೇ ಹೇಳಬೇಕು. ಒಂದು, ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಸಂಜೆ 170ರ ಕೆಳಗೆ ಇಳಿಯುವುದುಂಟು. ಹಲವು ಇನ್ವರ್ಟರುಗಳು ಕಾರ್ಖಾನೆಯ ಒಂದು ಕ್ರಮದಲ್ಲಿ 170ರ ಕೆಳಗೆ ಮೈನ್ಸನ್ನೇ ಒಪ್ಪುವುದಿಲ್ಲ, ಇನ್ನೊಂದು ಕ್ರಮದಲ್ಲಿ 90ರವರೆಗೆ ಒಪ್ಪುತ್ತವೆ. ಮೊದಲನೆಯದರಲ್ಲಿ ಬಿಟ್ಟರೆ ಕರೆಂಟ್ ಇದ್ದಾಗಲೂ ಬ್ಯಾಟರಿ ಸುಮ್ಮನೆ ಬರಿದಾಗುತ್ತದೆ. ಎರಡನೆಯದರಲ್ಲಿ ಅದೇ ಕಡಿಮೆ ವೋಲ್ಟೇಜ್ ನೇರ ಫ್ರಿಜ್ಜಿಗೆ ಹೋಗುತ್ತದೆ, ಆದ್ದರಿಂದ ಫ್ರಿಜ್ಜಿಗೆ ಸ್ಟೆಬಿಲೈಸರ್ ಇರಲಿ. ನಿಮ್ಮ ಮನೆಯಲ್ಲಿ ಒಂದು ವಾರ ಸಂಜೆಯ ವೋಲ್ಟೇಜ್ ಬರೆದಿಟ್ಟು ಅವರಿಗೆ ಕಳುಹಿಸಿ, ನಿರ್ಧಾರ ಆಮೇಲೆ.

ಎರಡನೆಯದು ಇನ್ನೂ ಮುಖ್ಯ. ಬಯಲುಸೀಮೆಯ ರೂಢಿಯಂತೆ ಅವರು ‘ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಮೈನ್ಸ್’ ಎಂದು ಇಟ್ಟುಬಿಡುತ್ತಾರೆ. ಬಿಲ್ ಉಳಿಸಲು ಅದು ಸರಿ. ಆರಿದ್ರಾದಿಂದ ಆಶ್ಲೇಷಾ ಮಳೆ ಮುಗಿಯುವ ತನಕ ನಮ್ಮಲ್ಲಿ ಪ್ಯಾನೆಲ್ಲಿನಿಂದ ಕಾಲು ಭಾಗವೂ ಬಾರದ ದಿನಗಳಿರುತ್ತವೆ. ಆ ಕ್ರಮದಲ್ಲಿ ಬ್ಯಾಟರಿ ಸಂಜೆಗೆ ತಳ ಕಂಡಿರುತ್ತದೆ, ರಾತ್ರಿ ಗಾಳಿಗೆ ಲೈನ್ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈನ್ಸ್ ಇದ್ದಾಗ ಅದರಿಂದಲೇ ಚಾರ್ಜ್ ಆಗಲಿ, ಶೇ. 80 ಮೀಸಲು ಇರಲಿ. ದಸರಾ ಹೊತ್ತಿಗೆ ಬೇಕಾದರೆ 30ಕ್ಕೆ ಇಳಿಸಿ. ಈ ಎರಡು ಬದಲಾವಣೆಯನ್ನು ಮಾಡುವುದು ಹೇಗೆಂದು ನಿಮಗೇ ಕಲಿಸಿಕೊಡಲು ಹೇಳಿ. ನಿಮ್ಮ ಎರಡು ಬ್ಯಾಟರಿ ಸೇರಿ 10.24 ಯೂನಿಟ್, ಪೂರ್ತಿ ತುಂಬಿದ್ದರೆ ಕೈಗೆ ಸಿಗುವುದು ಸುಮಾರು 8. ಫ್ರಿಜ್, ದೀಪ, ಫ್ಯಾನ್, ರೂಟರ್, ಸ್ವಲ್ಪ ಟಿವಿ ಸೇರಿ ದಿನಕ್ಕೆ 4 ಯೂನಿಟ್‌ನಲ್ಲಿ ಹಿಡಿದಿಟ್ಟರೆ ಎರಡು ದಿನ ದಾಟಬಹುದು. ಹೋಂಸ್ಟೇಯ 2 ಕಿಲೋವ್ಯಾಟ್ ಗೀಸರ್ ಈ ಲೈನಿಗೆ ಬಂದರೆ ಆ ಲೆಕ್ಕವೆಲ್ಲ ಬಚ್ಚಲಿಗೆ ಹರಿದಂತೆ. ಅತಿಥಿಗಳಿಗೆ ಹಂಡೆ ನೀರೇ ಇರಲಿ, ಅವರು ಬರುವುದೂ ಅದಕ್ಕೇ ತಾನೇ.

ಬ್ಯಾಟರಿ ಪೂರ್ತಿ ತಳ ಕಂಡರೆ ಏನಾಗುತ್ತದೆ ಎಂಬುದನ್ನೂ ಕೇಳಿ. ಬಿಎಂಎಸ್ ತನ್ನನ್ನು ತಾನೇ ಮುಚ್ಚಿಕೊಂಡರೆ, ಮರುದಿನ ಬಿಸಿಲು ಬಂದರೂ ಕೆಲವು ಇನ್ವರ್ಟರುಗಳು ತಾವಾಗಿ ಏಳುವುದಿಲ್ಲ. ಯಾರೋ ಬಟನ್ ಒತ್ತಬೇಕು. ಅದಕ್ಕೇ ಇನ್ವರ್ಟರ್ ಬ್ಯಾಟರಿ ಬಳಸುವುದನ್ನು ನಿಲ್ಲಿಸುವ ಮಟ್ಟವನ್ನು ಶೇ. 15ರಿಂದ 20ಕ್ಕೆ ಇಟ್ಟು, ಬಿಎಂಎಸ್ ಮುಚ್ಚಿಕೊಳ್ಳುವ ಮಟ್ಟಕ್ಕಿಂತ ಮೇಲೆ ಇರಿಸುವುದು. ಚಾರ್ಜ್ ಆಗುತ್ತಿರುವಾಗ ಕಮ್ಯುನಿಕೇಷನ್ ಕೇಬಲ್ ಕಿತ್ತು, ಇನ್ವರ್ಟರ್ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆಯೇ ಎಂದು ಅವರು ಫೋನಿನಲ್ಲಿರುವಾಗಲೇ ನೋಡಿ. ಮೈನ್ಸ್ ಆಫ್ ಮಾಡಿ ಒಂದು ಗಂಟೆ ಮನೆ ನಡೆಸಿ. ಆಗ ಮೀಟರಿನ ಕಡೆಗೆ ಒಂದು ವೋಲ್ಟೂ ಹಿಂದಿರುಗಿ ಹೋಗುತ್ತಿಲ್ಲ ಎಂದು ಟೆಸ್ಟರಿನಲ್ಲಿ ಖಚಿತ ಮಾಡಿಕೊಳ್ಳಿ, ಕಂಬದ ಮೇಲೆ ಲೈನ್‌ಮ್ಯಾನ್ ಇರುತ್ತಾನೆ. ಮೆಸ್ಕಾಂ ಜೊತೆ ನೆಟ್ ಮೀಟರಿಂಗ್ ಒಪ್ಪಂದ ಇಲ್ಲದಿದ್ದರೆ ಗ್ರಿಡ್ಡಿಗೆ ಹರಿಸುವ ಸೆಟ್ಟಿಂಗ್ ಸೊನ್ನೆಯಲ್ಲಿರಬೇಕು.

ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ಅವರಿಗೆ ಅದರೊಳಗೆ ಅನುಮತಿ ಕೊಡಿ, ಕೆಲಸ ಮುಗಿದ ಮೇಲೆ ನೋಡುವ ಹಕ್ಕಿಗೆ ಇಳಿಸಿ. ಎಷ್ಟೋ ಕಡೆ ಇದು ತಿರುಗುಮುರುಗಾಗಿ, ಯಂತ್ರ ನಿಮ್ಮದು, ಬೀಗದ ಕೈ ಡೀಲರಿನದು ಎಂದಾಗಿರುತ್ತದೆ. ಡೀಲರ್ ಅಂಗಡಿ ಮುಚ್ಚಿದರೆ ಪಾಸ್‌ವರ್ಡೂ ಹೋಯಿತು. 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಹಲವರ ಇನ್ವರ್ಟರುಗಳು ಇದ್ದಕ್ಕಿದ್ದಂತೆ ‘ಈ ದೇಶದಲ್ಲಿ ಬಳಸುವಂತಿಲ್ಲ’ ಎಂಬ ಸಂದೇಶ ತೋರಿಸಿ ನಿಂತುಹೋದ ಪ್ರಸಂಗವಿದೆ. ಅದರ ಹಿಂದೆ ತಯಾರಕರು ಮತ್ತು ಮಾರಾಟಗಾರರ ನಡುವಿನ ವ್ಯಾಜ್ಯವಿತ್ತು, ಬಳಕೆದಾರರು ಅದರಲ್ಲಿ ಪಕ್ಷಗಾರರೇ ಅಲ್ಲ. ಸೆಟ್ಟಿಂಗಿನ ಪ್ರತಿ ಪುಟದ ಫೋಟೋ ತೆಗೆದು ಮುದ್ರಿಸಿ ಇನ್ವರ್ಟರ್ ಪಕ್ಕ ಅಂಟಿಸಿ. ಫೋನಿಗೆ ರಿಮೋಟ್ ಆಪ್ ಹಾಕಿಸಿಕೊಂಡಿದ್ದರೆ ಕರೆ ಮುಗಿದ ಕೂಡಲೇ ತೆಗೆದುಹಾಕಿ, ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕೂ ಇದೆ.

ಇಂಜಿನಿಯರ್ ಬರುವುದಕ್ಕೆ ಹಣ ಕೊಡಬೇಕೇ ಎಂದರೆ, ನಿಮ್ಮ ಎಲೆಕ್ಟ್ರಿಷಿಯನ್ ಲೈಸೆನ್ಸ್ ಇರುವವನಾಗಿ, ಟಾರ್ಕ್ ಸ್ಪ್ಯಾನರ್, ಮೆಗ್ಗರ್ (ನಿರೋಧನ ಅಳೆಯುವ ಮೀಟರ್), ಡಿಸಿ ಕ್ಲ್ಯಾಂಪ್ ಮೀಟರ್ (ಕೇಬಲ್ ಕತ್ತರಿಸದೆ ಕರೆಂಟ್ ಅಳೆಯುವ ಮೀಟರ್) ಮೂರನ್ನೂ ಹಿಡಿಯಬಲ್ಲವನಾಗಿದ್ದರೆ ಬೇಡ. ಇಲ್ಲದಿದ್ದರೆ ಅದೇ ಹಣವನ್ನು ಸಾಗರ ಅಥವಾ ಶಿವಮೊಗ್ಗದ ಅನುಭವಸ್ಥ ಸೋಲಾರ್ ಗುತ್ತಿಗೆದಾರರಿಗೆ ಒಂದು ದಿನದ ಕೂಲಿಯಾಗಿ ಕೊಟ್ಟು ಕರೆಸಿ, ಬೆಂಗಳೂರಿನವರು ಆ ತುದಿಯಲ್ಲಿರಲಿ. ಕೊನೆಯ ಕಂತನ್ನು ಮೇಲೆ ಹೇಳಿದ ಪರೀಕ್ಷೆಗಳ ಅಂಕಿಗಳು ಲಿಖಿತವಾಗಿ ಬಂದ ಮೇಲೆ ಕೊಡಿ.

ತೋಟದ ಪಂಪು ಇದರಲ್ಲಿ ಬೇಡ. ನಿಮ್ಮದು ಮೂರು ಫೇಸಿನ 5 ಎಚ್‌ಪಿ ಎಂದು ಊಹಿಸುತ್ತೇನೆ. ಇನ್ವರ್ಟರ್ ಒಂದೇ ಫೇಸಿನದು. ಫೇಸಿನ ಮಾತು ಹಾಗಿರಲಿ, ಮೋಟಾರ್ ಹೊರಡುವಾಗ ಎಳೆಯುವ ಆರೇಳು ಪಟ್ಟು ಕರೆಂಟಿಗೇ ಅದು ಟ್ರಿಪ್ ಆಗುತ್ತದೆ. ಮನೆಯ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಪಂಪಾದರೆ ತೊಂದರೆಯಿಲ್ಲ, ಅದನ್ನು ಬ್ಯಾಕಪ್ ಲೈನಿಗೆ ಸೇರಿಸಿಕೊಳ್ಳಿ.